ಒಡತಿ ಮಗುವಿನ ಪಕ್ಕದಲ್ಲೇ ಇರುವಾಗ: ಸಣ್ಣ ಶಿಶುಪಾಲನಾ ಉದ್ಯಮ ಮತ್ತು ಸೀಮಿತ ಹೊಣೆಗಾರಿಕೆಯ ಎಲ್ಲೆ

1

ಸೀಮಿತ ಹೊಣೆಗಾರಿಕೆ ಪಾಲುದಾರಿಕೆಯನ್ನು (ಎಲ್‌ಎಲ್‌ಪಿ) ಭಾರತಕ್ಕೆ ತಂದ 2008ರ ಕಾಯ್ದೆಯ 28ನೇ ಕಲಮಿನಲ್ಲಿ ಎರಡು ಉಪಕಲಮುಗಳಿವೆ. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಪಾಲುದಾರ ಎಂಬ ಒಂದೇ ಕಾರಣಕ್ಕೆ ಸಂಸ್ಥೆಯ ಹೊಣೆ ಯಾರ ತಲೆಯ ಮೇಲೂ ಬೀಳುವುದಿಲ್ಲ ಎನ್ನುತ್ತದೆ ಅದು. ಎರಡನೆಯದರ ಮಾತು ಇದು: ಪಾಲುದಾರ ತಾನೇ ಎಸಗಿದ ತಪ್ಪಿಗೆ, ತಾನೇ ಮಾಡದೆ ಬಿಟ್ಟ ಕರ್ತವ್ಯಕ್ಕೆ ಇರುವ ವೈಯಕ್ತಿಕ ಹೊಣೆಗೆ ಇದರಿಂದ ಬಾಧೆಯಿಲ್ಲ. ಲೆಕ್ಕಪರಿಶೋಧಕರ, ವಕೀಲರ ಸಂಸ್ಥೆಗಳನ್ನು ಕುರಿತ ಚರ್ಚೆಯಲ್ಲಿ ಈ ಎರಡನೆಯ ಮಾತಿಗೆ ಸಹಜವಾಗಿಯೇ ಸ್ಥಾನವಿದೆ. ಹತ್ತು ಹನ್ನೆರಡು ಮಕ್ಕಳನ್ನು ಬೆಳಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುವ ಹೆಂಗಸೊಬ್ಬಳನ್ನು ಎದುರಿಗಿಟ್ಟುಕೊಂಡು ಅದನ್ನು ಓದಿದರೆ ಏನು ಕಾಣುತ್ತದೆ ಎಂಬುದೇ ಈ ಲೇಖನದ ವಿಷಯ.

ಮನೆಯ ಕೆಳ ಅಂತಸ್ತಿನಲ್ಲಿ ಡೇ ಕೇರ್ ತೆರೆಯಬೇಕೆಂದಿರುವಾಕೆ ಆಡಿಟರ್ ಬಳಿ ಹೋಗಿ ಯಾವ ರೂಪದಲ್ಲಿ ನೋಂದಾಯಿಸಲಿ ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಎರಡು. ಒಂದು, ಏಕವ್ಯಕ್ತಿ ಕಂಪನಿಯನ್ನೋ ಎಲ್‌ಎಲ್‌ಪಿಯನ್ನೋ ಮಾಡಿಸಿಕೊಳ್ಳಿ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮನೆಮಠ ಉಳಿಯುತ್ತದೆ. ಇನ್ನೊಂದು, ಟ್ರಸ್ಟ್ ಮಾಡಿಸಿಕೊಳ್ಳಿ, ತೆರಿಗೆಯ ಕಾಟವಿರುವುದಿಲ್ಲ, ತಂದೆತಾಯಿಗಳಿಗೂ ನಂಬಿಕೆ ಬರುತ್ತದೆ. ಎರಡರ ಹಿಂದೆಯೂ ಗಟ್ಟಿಯಾದ ಸಿದ್ಧಾಂತಗಳಿವೆ. ಆದರೂ ಈ ಗಾತ್ರದ ಉದ್ಯಮಕ್ಕೆ ಎರಡೂ ಹೊಂದುವುದಿಲ್ಲ ಎಂಬುದು ನನ್ನ ವಾದ. ಮೊದಲನೆಯ ಉತ್ತರವೇ ಹೆಚ್ಚು ಅಪಾಯಕಾರಿ ಎಂದು ತೋರುವುದರಿಂದ ಅದಕ್ಕೆ ಹೆಚ್ಚು ಪುಟಗಳನ್ನು ಕೊಟ್ಟಿದ್ದೇನೆ.

'ಸಣ್ಣ' ಎಂದರೆ ಎಷ್ಟು ಎಂಬುದನ್ನು ಹೇಳಿಬಿಡಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಒಂದು ಕೇಂದ್ರವೆಂದರೆ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದಿತ್ತು. ಅದೇ ಅಳತೆಯನ್ನು ಇಲ್ಲಿ ಇಟ್ಟುಕೊಂಡಿದ್ದೇನೆ: 25ಕ್ಕೆ ಮೀರದ ಮಕ್ಕಳು, ಒಬ್ಬಿಬ್ಬರು ಆಯಾಗಳು, ದಿನವಿಡೀ ಜೊತೆಯಲ್ಲೇ ಇರುವ ಒಡತಿ. ಗ್ರಾಮ ಪಂಚಾಯಿತಿಗಳು ನಡೆಸುವ 'ಕೂಸಿನ ಮನೆ'ಗಳು, ಅಂಗನವಾಡಿಗಳು ಈ ಚರ್ಚೆಯ ಹೊರಗಿವೆ. ಅಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ.

2

ತಕರಾರಿಲ್ಲದ ಸಂಗತಿಗಳನ್ನು ಬೇಗ ಹೇಳಿ ಮುಂದಕ್ಕೆ ಹೋಗಬಹುದು. ಏಕಮಾಲೀಕತ್ವಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಸ್ಥಳೀಯ ಸಂಸ್ಥೆಯ ಪರವಾನಗಿ, ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ, ಇಷ್ಟರಲ್ಲಿ ಮುಗಿಯುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಂ ಪ್ರತಿ ಪಾಲುದಾರರನ್ನೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ ಮಾಡುತ್ತದೆ. ನೋಂದಾಯಿಸದ ಪಾಲುದಾರಿಕೆ ತನ್ನ ಕರಾರುಗಳ ಮೇಲೆ ದಾವೆ ಹೂಡಲಾರದೆಂಬುದು 69ನೇ ಕಲಂ. ಎಲ್‌ಎಲ್‌ಪಿಗೆ ಕನಿಷ್ಠ ಇಬ್ಬರು ಬೇಕು. ಏಕವ್ಯಕ್ತಿ ಕಂಪನಿ (ಓಪಿಸಿ) ಜೆ. ಜೆ. ಇರಾನಿ ಸಮಿತಿಯ 2005ರ ಶಿಫಾರಸಿನಿಂದ ಹುಟ್ಟಿ 2013ರ ಕಂಪನಿ ಕಾಯ್ದೆಯೊಳಗೆ ಬಂತು. ಅದಕ್ಕಿದ್ದ 50 ಲಕ್ಷ ರೂಪಾಯಿ ಬಂಡವಾಳದ ಮತ್ತು 2 ಕೋಟಿ ರೂಪಾಯಿ ವಹಿವಾಟಿನ ಮಿತಿಯನ್ನು 2021ರ ಏಪ್ರಿಲ್‌ನಿಂದ ತೆಗೆದುಹಾಕಲಾಗಿದೆ.

ತೆರಿಗೆಯ ಲೆಕ್ಕವಂತೂ ಸಣ್ಣ ಗಾತ್ರದಲ್ಲಿ ಏಕಮಾಲೀಕತ್ವದ ಕಡೆಗೇ ವಾಲುತ್ತದೆ. 2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಉದ್ಯಮದ ಆದಾಯಕ್ಕೆ ವ್ಯಕ್ತಿ ತೆರಿಗೆ ಕಟ್ಟಬೇಕಿಲ್ಲ. ಎಲ್‌ಎಲ್‌ಪಿಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ 30. ಪಾಲುದಾರರಿಗೆ ಸಂಭಾವನೆ ಕೊಟ್ಟು ಲಾಭವನ್ನು ಇಳಿಸಿಕೊಳ್ಳಬಹುದು ನಿಜ, ಆದರೆ ಅದಕ್ಕೂ ಕಟ್ಟುಪಾಡುಗಳಿವೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಕೊಟ್ಟ ಅಂದಾಜು ಆದಾಯದ ಸರಳ ಮಾರ್ಗ ವ್ಯಕ್ತಿಗಳಿಗೂ ಸಾಮಾನ್ಯ ಪಾಲುದಾರಿಕೆಗಳಿಗೂ ತೆರೆದಿದ್ದು, ಎಲ್‌ಎಲ್‌ಪಿ ಮತ್ತು ಕಂಪನಿಗಳಿಗೆ ಮುಚ್ಚಿತ್ತು. ಕಂಪನಿಯಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಲೆಕ್ಕಪರಿಶೋಧನೆ ಕಡ್ಡಾಯ.

ಇಷ್ಟೆಲ್ಲ ಗೊತ್ತಿದ್ದೂ ಓಪಿಸಿಯನ್ನೋ ಎಲ್‌ಎಲ್‌ಪಿಯನ್ನೋ ಸೂಚಿಸುವವರು ಒಂದೇ ಕಾರಣ ಕೊಡುತ್ತಾರೆ: ಖರ್ಚು ಹೆಚ್ಚಾದರೂ ರಕ್ಷಣೆ ಸಿಗುತ್ತದೆ. ಹಾಗಾಗಿ ಇಡೀ ಸಲಹೆ ನಿಂತಿರುವುದು ಆ ರಕ್ಷಣೆ ನಿಜವೇ ಎಂಬುದರ ಮೇಲೆ. ಅದಕ್ಕೆ ಹೋಗುವ ಮೊದಲು ಟ್ರಸ್ಟಿನ ಮಾತನ್ನು ಮುಗಿಸಿಕೊಳ್ಳುತ್ತೇನೆ.

3

ಲಾಭರಹಿತ ರೂಪದ ಪರವಾಗಿರುವ ಪ್ರಬಲ ಸೈದ್ಧಾಂತಿಕ ವಾದ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಯೇಲ್ ಕಾನೂನು ಪತ್ರಿಕೆಯಲ್ಲಿ ಮಂಡಿಸಿದ್ದು. ಸೇವೆಯ ಗುಣಮಟ್ಟವನ್ನು ಹಣ ಕೊಡುವವರು ಅಳೆಯಲಾರದ ಕಡೆ, ಲಾಭವನ್ನು ಹಂಚಿಕೊಳ್ಳಲಾಗದ ಸಂಸ್ಥೆಯನ್ನು ಜನ ಹೆಚ್ಚು ನಂಬುತ್ತಾರೆ ಎಂಬುದು ಅದರ ತಿರುಳು. ಮಕ್ಕಳ ಪಾಲನೆ ಅವರ ಉದಾಹರಣೆಗಳಲ್ಲಿ ಒಂದು, ಅದು ಸರಿಯಾದ ಉದಾಹರಣೆಯೂ ಹೌದು. ಹಣ ಕೊಡುವವರು ತಂದೆತಾಯಿ, ಸೇವೆ ಪಡೆಯುವುದು ಮಗು. ಒಂದೂವರೆ ವರ್ಷದ ಕೂಸು ಮಧ್ಯಾಹ್ನ ತನ್ನನ್ನು ಯಾರಾದರೂ ಎತ್ತಿಕೊಂಡರೋ ಇಲ್ಲವೋ ಎಂದು ಸಂಜೆ ಹೇಳಲಾರದು.

ಆದರೆ ಹ್ಯಾನ್ಸ್‌ಮನ್ ಅವರ ತರ್ಕ ನಡೆಯಬೇಕಾದರೆ ಲಾಭ ಪಡೆಯುವವರೂ ಕೆಲಸ ಮಾಡುವವರೂ ಬೇರೆಬೇರೆಯಾಗಿರಬೇಕು. ಷೇರುದಾರನ ಆಸೆ ದಾದಿಯ ಕೈಯನ್ನು ಬಿಗಿಹಿಡಿಯುತ್ತದೆಂಬ ಭಯ ಇದ್ದಲ್ಲಿ ಮಾತ್ರ ಲಾಭದ ಮೇಲಿನ ನಿರ್ಬಂಧಕ್ಕೆ ಅರ್ಥ. ನಮ್ಮ ಒಡತಿಯ ವಿಷಯದಲ್ಲಿ ಬಾಡಿಗೆ, ಹಾಲು, ಆಯಾಗಳ ಸಂಬಳ ಕಳೆದು ಉಳಿದದ್ದೇ ಆಕೆಯ ದುಡಿಮೆಯ ಕೂಲಿ. ಟ್ರಸ್ಟ್ ಮಾಡಿದರೆ ಅದೇ ಮೊತ್ತ 'ಸಂಬಳ'ವೆಂಬ ಹೆಸರಿನಲ್ಲಿ ಆಕೆಗೇ ಬರುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಮಗುವಿಗೆ ಸಿಗುವ ಗಮನ ಬದಲಾಗದು. ಬದಲಾಗುವುದು ಬೇರೆ ಒಂದು: ಹದಿನೈದು ವರ್ಷ ಕಷ್ಟಪಟ್ಟು ಬೀದಿಯಲ್ಲೆಲ್ಲ ಗಳಿಸಿದ ಒಳ್ಳೆಯ ಹೆಸರನ್ನು ಮುಂದೊಂದು ದಿನ ಇನ್ನೊಬ್ಬರಿಗೆ ಮಾರಿ ಕೈಗೆ ನಾಲ್ಕು ಕಾಸು ತೆಗೆದುಕೊಳ್ಳುವ ದಾರಿ ಮುಚ್ಚುತ್ತದೆ. ಟ್ರಸ್ಟಿನ ಆಸ್ತಿ ಟ್ರಸ್ಟಿನ ಉದ್ದೇಶಕ್ಕೇ ಮುಡಿಪು. ಪಿಂಚಣಿಯಿಲ್ಲದ ಹೆಂಗಸರಿಗೆ ಇದು ಸಣ್ಣ ನಷ್ಟವಲ್ಲ.

ತೆರಿಗೆಯ ವಾದಕ್ಕೆ ಕನ್ನಡ ನೆಲದ್ದೇ ಆದ ಒಂದು ತೀರ್ಪು ಅಡ್ಡ ನಿಲ್ಲುತ್ತದೆ. 'ಸಂಯುಕ್ತ ಕರ್ನಾಟಕ', 'ಕರ್ಮವೀರ', 'ಕಸ್ತೂರಿ'ಗಳನ್ನು ಪ್ರಕಟಿಸುತ್ತಿದ್ದ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್, ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ ಎಂದು ವಾದಿಸಿ ತೆರಿಗೆ ವಿನಾಯಿತಿ ಕೇಳಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದಾಯ ತೆರಿಗೆ ಕಾಯ್ದೆಯ 2(15)ನೇ ಕಲಮಿನ 'ಶಿಕ್ಷಣ'ವೆಂದರೆ ಎಳೆಯರಿಗೆ ಕ್ರಮಬದ್ಧವಾಗಿ ಕೊಡುವ ಬೋಧನೆ, ಶಾಲಾಭ್ಯಾಸ, ತರಬೇತಿ ಎಂಬ ಅರ್ಥವನ್ನು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಸ್ಥಿರಪಡಿಸಿದರು. 2022ರ ಅಕ್ಟೋಬರ್‌ನಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದೇ ಅರ್ಥವನ್ನು ಎತ್ತಿಹಿಡಿದು ಇನ್ನಷ್ಟು ಬಿಗಿಗೊಳಿಸಿತು. ಎರಡು ವರ್ಷದ ಮಗುವಿಗೆ ಉಣ್ಣಿಸುವುದು, ಮಲಗಿಸುವುದು, ಬಟ್ಟೆ ಬದಲಿಸುವುದು, ಅಳು ನಿಲ್ಲಿಸುವುದು ಈ ಅರ್ಥದೊಳಗೆ ಬರುತ್ತವೆಯೆ? ಬರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಸಂವಿಧಾನದ 45ನೇ ವಿಧಿ 2002ರ ತಿದ್ದುಪಡಿಯ ನಂತರ ಆರು ವರ್ಷದೊಳಗಿನ ಎಲ್ಲ ಮಕ್ಕಳ ಆರೈಕೆಯನ್ನೂ ಶಿಕ್ಷಣವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಆದರೆ ಅದು ಎರಡು ಪದಗಳನ್ನು ಬಳಸಿದೆ ಎಂಬುದೇ ತೆರಿಗೆ ಅಧಿಕಾರಿಯ ಕೈಗೆ ಅಸ್ತ್ರವಾಗಬಲ್ಲದು. ಆರೈಕೆ ಶಿಕ್ಷಣಕ್ಕಿಂತ ಬೇರೆ ಎಂದಾದರೆ ಅದು 'ಸಾರ್ವಜನಿಕ ಉಪಯೋಗದ ಇತರ ಉದ್ದೇಶ'ಗಳ ಪಾಲಿಗೆ ಬೀಳುತ್ತದೆ. ಆಗ ವ್ಯಾಪಾರ ಸ್ವರೂಪದ ಗಳಿಕೆ ಒಟ್ಟು ಸ್ವೀಕೃತಿಯ ಶೇ 20 ಮೀರಬಾರದೆಂಬ ಮಿತಿ ಬರುತ್ತದೆ. ಶುಲ್ಕದಿಂದಲೇ ನಡೆಯುವ ಕೇಂದ್ರ ಆ ಮಿತಿಯೊಳಗೆ ಉಳಿಯಬೇಕಾದರೆ, ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದಂತೆ, ಖರ್ಚಿಗೆ ಸರಿಸಮನಾಗಿ ಅಥವಾ ಅದಕ್ಕಿಂತ ತುಸು ಮಾತ್ರ ಹೆಚ್ಚಾಗಿ ಶುಲ್ಕ ತೆಗೆದುಕೊಳ್ಳಬೇಕು.

1969ರಲ್ಲಿ ಮೀರಾ ಮಹಾದೇವನ್ ದೆಹಲಿಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಆರಂಭಿಸಿದ 'ಮೊಬೈಲ್ ಕ್ರೆಷಸ್'ನಂಥ ಕೆಲಸಕ್ಕೆ ಈ ತೊಡಕಿಲ್ಲ; ಬಡವರ ನೆರವೆಂಬ ಬೇರೆಯೇ ಬಾಗಿಲು ಅದಕ್ಕೆ ತೆರೆದಿದೆ. ಸಂಬಳದಾರರ ಬಡಾವಣೆಯಲ್ಲಿ ತಿಂಗಳ ಶುಲ್ಕದ ಮೇಲೆ ನಡೆಯುವ ಕೇಂದ್ರಕ್ಕೆ ಟ್ರಸ್ಟಿನ ಅಂಗಿ ತೊಡಿಸುವುದು ಬೇರೆ ಮಾತು. ಸ್ವಂತ ದುಡಿಮೆಯ ಕೂಲಿಯನ್ನು ದಾನವೆಂದು ಬರೆದುಕೊಳ್ಳಬೇಕಾದ ಸ್ಥಿತಿಗೆ ಯಾವ ಹೆಂಗಸನ್ನೂ ತಳ್ಳಬಾರದು.

4

ಇನ್ನು ಸೀಮಿತ ಹೊಣೆಯ ಪ್ರಶ್ನೆ.

ಫ್ರಾಂಕ್ ಈಸ್ಟರ್‌ಬ್ರೂಕ್ ಮತ್ತು ಡೇನಿಯಲ್ ಫಿಷೆಲ್ 1985ರಲ್ಲಿ ಬರೆದ ಲೇಖನ ಈ ವಿಷಯದ ಆಧಾರ ಪಠ್ಯಗಳಲ್ಲಿ ಒಂದು. ಹೂಡಿಕೆ ಮಾಡಿದವರು ಬೇರೆ, ಆಡಳಿತ ನಡೆಸುವವರು ಬೇರೆ ಇರುವ ದೊಡ್ಡ ಕಂಪನಿಯಲ್ಲಿ ಸೀಮಿತ ಹೊಣೆಗೆ ಹೆಚ್ಚು ಬೆಲೆ. ಇಬ್ಬರೂ ಒಬ್ಬರೇ ಆದ ಚಿಕ್ಕ ಕಂಪನಿಯಲ್ಲಿ ಕಡಿಮೆ ಎಂದು ಅವರು ಆಗಲೇ ಗುರುತಿಸಿದ್ದರು. ಹ್ಯಾನ್ಸ್‌ಮನ್ 1991ರಲ್ಲಿ ರೈನಿಯರ್ ಕ್ರಾಕ್‌ಮನ್ ಜೊತೆ ಸೇರಿ ಇನ್ನೂ ಮುಂದೆ ಹೋಗಿ, ಅಪಕೃತ್ಯಗಳ ಮಟ್ಟಿಗೆ ಷೇರುದಾರರ ಹೊಣೆಗೆ ಮಿತಿಯೇ ಇರಬಾರದೆಂದು ವಾದಿಸಿದರು. ಇವರೆಲ್ಲರೂ ನೋಡುವುದು ಒಡೆತನಕ್ಕೂ ಆಡಳಿತಕ್ಕೂ ಇರುವ ಅಂತರವನ್ನು. ಮಕ್ಕಳ ಪಾಲನೆಯಲ್ಲಿ ಆ ಅಳತೆಗೋಲು ಸಾಲದು ಎನ್ನುವುದು ಅವರೊಂದಿಗೆ ನನ್ನ ಭಿನ್ನಾಭಿಪ್ರಾಯ. ಇಲ್ಲಿ ಅಳೆಯಬೇಕಾದ್ದು ಒಡತಿಗೂ ಮಗುವಿಗೂ ನಡುವಿನ ಅಂತರ. ಅಕ್ಷರಶಃ ಎಷ್ಟು ಮಾರು ದೂರ ಎಂಬುದು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಮಧ್ಯಾಹ್ನದ ಊಟದ ಹೊತ್ತು. ಬಿಸಿ ಸಾರಿನ ಪಾತ್ರೆ ಮಗುವಿನ ಕೈಗೆ ಎಟುಕುವಷ್ಟು ತಗ್ಗಿನಲ್ಲಿದೆ. ಮಗು ಎಳೆದುಕೊಳ್ಳುತ್ತದೆ, ಸುಟ್ಟುಕೊಳ್ಳುತ್ತದೆ. ಇದು ಮೂರು ರೀತಿಯಲ್ಲಿ ನಡೆದಿರಬಹುದು. ಪಾತ್ರೆಯನ್ನು ಅಲ್ಲಿಟ್ಟವಳು ಒಡತಿಯೇ ಆಗಿರಬಹುದು. ಆಯಾ ಇಟ್ಟಿದ್ದು, ಒಡತಿ ಅದೇ ಕೋಣೆಯಲ್ಲಿ ಬೇರೆ ಮಗುವಿಗೆ ತಿನ್ನಿಸುತ್ತಿದ್ದಿರಬಹುದು. ಅಥವಾ ಆಯಾ ಇಟ್ಟ ಹೊತ್ತಿಗೆ ಒಡತಿ ಬ್ಯಾಂಕಿಗೆ ಹೋಗಿದ್ದಿರಬಹುದು.

ಮೊದಲ ಸಂದರ್ಭದಲ್ಲಿ ಉದ್ಯಮದ ರೂಪ ಯಾವುದೇ ಇದ್ದರೂ ಫಲ ಒಂದೇ. ಎಲ್‌ಎಲ್‌ಪಿಯಾದರೆ 28(2)ನೇ ಉಪಕಲಂ ಬಾಯಿಬಿಟ್ಟು ಹೇಳುತ್ತದೆ. ಏಕಮಾಲೀಕತ್ವದಲ್ಲಿ ಹೇಳುವುದೇ ಬೇಡ. ಓಪಿಸಿಯಾದರೆ? ಆಕ್ಷೇಪ ಬರುವುದು ಇಲ್ಲಿ. ಸಂಸತ್ತು ಎಲ್‌ಎಲ್‌ಪಿಗೆ ಇಂಥದೊಂದು ಸಾಲನ್ನು ಬರೆದು ಕಂಪನಿ ಕಾಯ್ದೆಯಲ್ಲಿ ಬರೆಯದೆ ಬಿಟ್ಟಿದೆಯೆಂದರೆ, ಕಂಪನಿಯ ಒಡತಿಗೆ ಹೆಚ್ಚಿನ ರಕ್ಷಣೆ ಉದ್ದೇಶಿತವಾಗಿತ್ತು ಎಂದಲ್ಲವೆ? ಅಲ್ಲವೆಂದು ನನ್ನ ತಿಳಿವಳಿಕೆ. ಕಂಪನಿ ಕಾಯ್ದೆ ಸೀಮಿತಗೊಳಿಸುವುದು ಸದಸ್ಯೆಯಾಗಿ ಆಕೆ ಕಂಪನಿಯ ಸಾಲಕ್ಕೆ ಕೊಡಬೇಕಾದ ಪಾಲನ್ನು. 4ನೇ ಕಲಮಿನ ಪ್ರಕಾರ ಅದು ಷೇರಿನ ಮೇಲೆ ಬಾಕಿ ಉಳಿದ ಮೊತ್ತಕ್ಕೆ ಮುಗಿಯುತ್ತದೆ. ಪಾತ್ರೆಯನ್ನು ಅಜಾಗರೂಕತೆಯಿಂದ ಇಟ್ಟ ಕೈಯ ಹೊಣೆ ಸದಸ್ಯತ್ವದಿಂದ ಹುಟ್ಟಿದ್ದಲ್ಲ, ಷೇರನ್ನೇ ಹಿಡಿಯದ ಆಯಾಗೂ ಅದು ಅಷ್ಟೇ ಅನ್ವಯಿಸುತ್ತದೆ. ಪಾಲುದಾರಿಕೆ ಕಾನೂನಿನಲ್ಲಿ ಒಬ್ಬ ಪಾಲುದಾರನ ತಪ್ಪು ಎಲ್ಲರಿಗೂ ಹರಿಯುತ್ತಿತ್ತು. ಆ ಹರಿವನ್ನು ಕಟ್ಟುವಾಗ ಮೂಲವನ್ನೂ ಮುಚ್ಚಿದಂತೆ ಯಾರೂ ಓದಿಕೊಳ್ಳಬಾರದೆಂದು 28(2)ನ್ನು ಬರೆಯಬೇಕಾಯಿತು. ಕಂಪನಿಯಲ್ಲಿ ಅಂಥ ಹರಿವೇ ಇರಲಿಲ್ಲವಾದ್ದರಿಂದ ಆ ಎಚ್ಚರಿಕೆಯ ಸಾಲೂ ಬೇಕಾಗಲಿಲ್ಲ.

ಇದಕ್ಕಿಂತ ಗಂಭೀರವಾದ ಎದುರುವಾದ ಇಂಗ್ಲೆಂಡಿನಿಂದ ಬರುತ್ತದೆ. ವಿಲಿಯಮ್ಸ್ ವಿರುದ್ಧ ನ್ಯಾಚುರಲ್ ಲೈಫ್ ಹೆಲ್ತ್ ಫುಡ್ಸ್ ಪ್ರಕರಣದಲ್ಲಿ (1998) ಹೌಸ್ ಆಫ್ ಲಾರ್ಡ್ಸ್, ಒಬ್ಬನೇ ನಡೆಸುತ್ತಿದ್ದ ಪುಟ್ಟ ಕಂಪನಿಯ ನಿರ್ದೇಶಕನನ್ನು ಕಂಪನಿ ಕೊಟ್ಟ ತಪ್ಪು ಲೆಕ್ಕಾಚಾರಕ್ಕೆ ವೈಯಕ್ತಿಕವಾಗಿ ಹೊಣೆ ಮಾಡಲು ಒಪ್ಪಲಿಲ್ಲ. ಆತ ವೈಯಕ್ತಿಕವಾಗಿ ಜವಾಬ್ದಾರಿ ಹೊತ್ತಿದ್ದನೆಂದು ಗ್ರಾಹಕರು ನಂಬುವಂಥ ನಡೆ ಇರಲಿಲ್ಲವೆಂಬುದು ಲಾರ್ಡ್ ಸ್ಟೇನ್ ಅವರ ಕಾರಣ. ಓಪಿಸಿಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಸಿಗಲಾರದು, ಆದ್ದರಿಂದ ಇದನ್ನು ತೇಲಿಸಿಬಿಡುವಂತಿಲ್ಲ. ಆದರೆ ಎರಡು ವ್ಯತ್ಯಾಸಗಳಿವೆ. ಅಲ್ಲಿನ ನಷ್ಟ ಹಣದ್ದು, ಅದೂ ಮಾತನ್ನು ನಂಬಿ ಆದದ್ದು. ಅಂಥ ಪ್ರಕರಣಗಳಲ್ಲಿ ಮಾತ್ರ 'ಜವಾಬ್ದಾರಿ ಹೊತ್ತರೆ' ಎಂಬ ಪರೀಕ್ಷೆ ಬೇಕಾಗುತ್ತದೆ. ಮೈಗೆ ಆದ ಗಾಯಕ್ಕೆ ಆ ಪರೀಕ್ಷೆಯನ್ನು ದಾಟಬೇಕಿಲ್ಲ. ಇನ್ನೊಂದು, ಆ ಪರೀಕ್ಷೆಯನ್ನೇ ಇಲ್ಲಿಗೆ ತಂದರೂ ಒಡತಿ ಅದರಲ್ಲಿ ಸಿಕ್ಕಿಬೀಳುತ್ತಾಳೆ. ಬೆಳಗ್ಗೆ ಎಂಟೂವರೆಗೆ ತಾಯಿ ಬಾಗಿಲಲ್ಲಿ ನಿಂತು ಮಗುವನ್ನು ಕೊಡುವುದು ಬೋರ್ಡಿನ ಮೇಲಿನ ಕಂಪನಿಯ ಹೆಸರಿಗಲ್ಲ. 'ಆಂಟಿ, ರಾತ್ರಿ ಸ್ವಲ್ಪ ಕೆಮ್ಮಿತ್ತು, ನೋಡ್ಕೊಳ್ಳಿ' ಎಂದು ಆಕೆಯ ಮುಖ ನೋಡಿ ಹೇಳುತ್ತಾಳೆ, 'ನೀವೇನೂ ಯೋಚ್ನೆ ಮಾಡ್ಬೇಡಿ ಕಣಮ್ಮ' ಎಂದು ಆಕೆ ಮಗುವನ್ನು ಸೊಂಟಕ್ಕೆ ಹಾಕಿಕೊಳ್ಳುತ್ತಾಳೆ. ವೈಯಕ್ತಿಕ ಜವಾಬ್ದಾರಿ ಹೊರುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಡೆಯನ್ನು ನಾನು ಊಹಿಸಲಾರೆ.

ಎರಡನೆಯ ಸಂದರ್ಭ ತುಸು ತೊಡಕಿನದು. ಪಾತ್ರೆ ಇಟ್ಟವಳು ಆಯಾ. ಒಡತಿ ಅದೇ ಕೋಣೆಯಲ್ಲಿದ್ದಾಳೆ. ಮಗುವಿನ ಪರ ವಕೀಲ ದಾವೆಯಲ್ಲಿ ಎರಡು ಕಾರಣಗಳನ್ನು ಬರೆಯುತ್ತಾನೆ: ನೌಕರಳ ತಪ್ಪಿಗೆ ಸಂಸ್ಥೆಯ ಹೊಣೆ, ಮತ್ತು ಕಣ್ಣೆದುರಿಗಿದ್ದೂ ನೋಡದ, ನೋಡಿದ್ದೂ ತೆಗೆಸದ ಒಡತಿಯ ಸ್ವಂತ ಲೋಪ. 28(2) 'ತಪ್ಪು ಕೃತ್ಯ'ದ ಜೊತೆಗೆ 'ಲೋಪ'ವನ್ನೂ ಹೆಸರಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಮಕ್ಕಳ ಸಂದರ್ಭದಲ್ಲಿ ನ್ಯಾಯಾಲಯಗಳು ಜಾಗರೂಕತೆಯ ಮಟ್ಟವನ್ನು ಎತ್ತರದಲ್ಲಿಟ್ಟಿವೆ. ಪ್ರವಾಸಕ್ಕೆ ಹೋದ ಶಾಲೆಯೊಂದರ 14 ವಿದ್ಯಾರ್ಥಿಗಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ (ಎಂ. ಎಸ್. ಗ್ರೇವಾಲ್ ವಿರುದ್ಧ ದೀಪ್ ಚಂದ್ ಸೂದ್, 2001) ಸುಪ್ರೀಂ ಕೋರ್ಟ್ ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯವನ್ನೂ ಅದಕ್ಕೆ ಶಾಲೆಯ ಹೊಣೆಯನ್ನೂ ಎತ್ತಿಹಿಡಿದು, ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಸರಿಯೆಂದಿತು. ಕೋಣೆಯಲ್ಲೇ ಇದ್ದ ಒಡತಿ 'ನನ್ನದೇನೂ ಇಲ್ಲ' ಎನ್ನುವುದು ಸುಲಭವಲ್ಲ.

ಮೂರನೆಯ ಸಂದರ್ಭದಲ್ಲಿ ಮಾತ್ರ ಸೀಮಿತ ಹೊಣೆಯ ಕವಚ ಕೆಲಸ ಮಾಡುತ್ತದೆ. ಅನುಭವಿ ಆಯಾಳನ್ನು ನೋಡಿ ನೇಮಿಸಿ, ಅಡುಗೆಮನೆಯ ಬಾಗಿಲಿಗೆ ತಡೆ ಹಾಕಿಸಿ, ಒಂದು ಗಂಟೆ ಹೊರಗೆ ಹೋಗಿದ್ದವಳ ಸ್ವಂತ ಲೋಪವನ್ನು ತೋರಿಸುವುದು ಕಷ್ಟ. ಏಕಮಾಲೀಕತ್ವವಾಗಿದ್ದರೆ ನೌಕರಳ ತಪ್ಪು ನೇರವಾಗಿ ಒಡತಿಯ ಆಸ್ತಿಗೆ ತಟ್ಟುತ್ತಿತ್ತು. ಓಪಿಸಿಯೋ ಎಲ್‌ಎಲ್‌ಪಿಯೋ ಆಗಿದ್ದರೆ ಅದು ಸಂಸ್ಥೆಯ ಆಸ್ತಿಯಲ್ಲಿ ನಿಲ್ಲುತ್ತದೆ. ಈ ವ್ಯತ್ಯಾಸ ನಿಜವಾದದ್ದು, ಅಲ್ಲಗಳೆಯುವಂತಿಲ್ಲ.

ಮೂರನ್ನೂ ಸಾಲಾಗಿಟ್ಟು ನೋಡಿದಾಗ ನನ್ನ ಮುಖ್ಯ ಪ್ರತಿಪಾದನೆ ಹೊರಬರುತ್ತದೆ: ಶಿಶುಪಾಲನೆಯಲ್ಲಿ ಸೀಮಿತ ಹೊಣೆಯ ಬೆಲೆ, ಒಡತಿ ಮಗುವಿನಿಂದ ದೂರ ಸರಿದಷ್ಟೂ ಏರುತ್ತದೆ, ಹತ್ತಿರವಿದ್ದಷ್ಟೂ ಶೂನ್ಯದ ಕಡೆಗೆ ಇಳಿಯುತ್ತದೆ. ಐದು ಶಾಖೆಗಳ ಒಡತಿಗೆ ಅದು ಗಟ್ಟಿ ಗೋಡೆ. ಮಕ್ಕಳ ನಡುವೆಯೇ ಚಾಪೆಯ ಮೇಲೆ ಕುಳಿತವಳಿಗೆ ಬರೀ ಪರದೆ. ಇದರಲ್ಲಿ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ತಂದೆತಾಯಿಗಳು ಸಣ್ಣ ಕೇಂದ್ರವನ್ನು ಹುಡುಕಿಕೊಂಡು ಬರುವುದೇ ಒಡತಿ ಸ್ವತಃ ಇರುತ್ತಾಳೆಂದು. ಕವಚಕ್ಕೆ ಹಣ ತೆತ್ತವಳು ಅದರ ಪೂರ್ತಿ ಪ್ರಯೋಜನ ಪಡೆಯಬೇಕೆಂದರೆ ಮಕ್ಕಳನ್ನು ಆಯಾಗಳಿಗೆ ಬಿಟ್ಟು ಹೊರಗಿರಬೇಕು. ಹ್ಯಾನ್ಸ್‌ಮನ್ ಮತ್ತು ಕ್ರಾಕ್‌ಮನ್ ಸೀಮಿತ ಹೊಣೆ ಅಪಾಯವನ್ನು ಹೆಚ್ಚಿಸುತ್ತದೆಂದು ಹೇಳಿದ್ದರು. ಇಲ್ಲಿ ಆ ಅಪಾಯ ಗೈರುಹಾಜರಿಯ ರೂಪದಲ್ಲಿ ಬರುತ್ತದೆ.

ಕ್ರಿಮಿನಲ್ ಹೊಣೆಯಂತೂ ಯಾವ ರೂಪದಿಂದಲೂ ತಪ್ಪುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಮನುಷ್ಯರನ್ನು ಹಿಡಿಯುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ಪಾಲನೆಯನ್ನು ವಹಿಸಿಕೊಂಡ ಸಂಸ್ಥೆಯ ನೌಕರರೋ ಅದನ್ನು ನಡೆಸುವವರೋ ಕ್ರೌರ್ಯ ಎಸಗಿದರೆ 5 ವರ್ಷದವರೆಗಿನ ಕಠಿಣ ಶಿಕ್ಷೆ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡ ಎನ್ನುತ್ತದೆ. ಸಂಸ್ಥೆಯಲ್ಲಿ ಅಧೀನ ನೌಕರರು ಎಸಗಿದ ಲೈಂಗಿಕ ಅಪರಾಧವನ್ನು ವರದಿ ಮಾಡದ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆಯ 21ನೇ ಕಲಂ ಪ್ರತ್ಯೇಕ ಶಿಕ್ಷೆ ಇಟ್ಟಿದೆ.

ಇನ್ನು ಸಿವಿಲ್ ದಾವೆಯಲ್ಲಿ ಡಿಕ್ರಿ ಬಂದ ದಿನ ಒಡತಿ ಕಳೆದುಕೊಳ್ಳುವುದೇನು? 'ಮನೆಮಠ' ಎಂಬ ಮಾತನ್ನು ಇಲ್ಲಿ ಬಿಡಿಸಿ ನೋಡಬೇಕು. ಮನೆ ಗಂಡನ ಅಥವಾ ಅತ್ತೆಮಾವಂದಿರ ಹೆಸರಿನಲ್ಲಿದ್ದರೆ, ಆಕೆಯ ಮೇಲಿನ ಡಿಕ್ರಿ, ಏಕಮಾಲೀಕತ್ವವಿದ್ದರೂ, ಅದನ್ನು ಮುಟ್ಟಲಾರದು. ಆಕೆಯದೇ ಆಗಿರುವುದು ಉಳಿತಾಯ ಮತ್ತು ಚಿನ್ನ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಹೊರಗಿಟ್ಟಿರುವ ವಸ್ತುಗಳಲ್ಲಿ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳ ಜೊತೆಗೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆಯೂ ಸೇರಿದೆ. ತಾಳಿ ಉಳಿಯುತ್ತದೆ, ಬಳೆ ಹೋಗಬಹುದು. ಕಾಪಾಡಬೇಕಾದ್ದು ಆ ಬಳೆಗಳನ್ನು ಎಂದಾದರೆ, ಸ್ವಂತ ತಪ್ಪಿನ ಮಟ್ಟಿಗೆ ಅದಕ್ಕೆ ಕಂಪನಿಗಿಂತ ಹೊಣೆಗಾರಿಕೆ ವಿಮೆಯೇ ತಕ್ಕ ಸಾಧನ. ಕಂಪನಿಯ ವಾರ್ಷಿಕ ಲೆಕ್ಕಪರಿಶೋಧನೆಗೆ ಮತ್ತು ವರದಿಗಳಿಗೆ ತಗಲುವ ಹಣವನ್ನು ವಿಮೆಯ ಕಂತಿಗೆ ಹಾಕುವುದು ವಿವೇಕವೆಂದು ನನಗೆ ತೋರುತ್ತದೆ. ವಿಮೆಯಿಂದ ಗಾಯಗೊಂಡ ಮಗುವಿಗೂ ಏನಾದರೂ ಸಿಗುತ್ತದೆ. ಬರಿಗೈಯ ಕಂಪನಿಯಿಂದ ಸಿಗುವುದು ಕಾಗದ.

ಈ ಪ್ರತಿಪಾದನೆಯನ್ನು ಅದು ಹೊರಲಾರದಷ್ಟು ದೂರ ಎಳೆಯಬಾರದು. ನಾನು ಹೇಳಿದ್ದು ಅಪಕೃತ್ಯದ ಹೊಣೆಯ ಬಗ್ಗೆ. ಕರಾರಿನ ಸಾಲಗಳಿಗೆ, ಅಂದರೆ ಬಾಡಿಗೆ ಬಾಕಿಗೆ, ಆಟಿಕೆ ಪೀಠೋಪಕರಣ ಕೊಟ್ಟವರ ಬಾಕಿಗೆ, ಸೀಮಿತ ಹೊಣೆ ನಿಜಕ್ಕೂ ತಡೆಯಾಗುತ್ತದೆ. ಆದರೆ ದೊಡ್ಡ ಸಾಲ ಕೊಡುವ ಬ್ಯಾಂಕು ಒಡತಿಯ ವೈಯಕ್ತಿಕ ಜಾಮೀನನ್ನು ಕೇಳಿ ಬರೆಸಿಕೊಂಡರೆ ಆ ತಡೆ ಅಷ್ಟರಮಟ್ಟಿಗೆ ಕರಗುತ್ತದೆ, ಏಕೆಂದರೆ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರಳ ಹೊಣೆ ಸಾಲಗಾರನ ಹೊಣೆಯಷ್ಟೇ ಅಗಲ. ಮೂರನೆಯ ಸಂದರ್ಭ ಅಪರೂಪವೆಂದು ನಾನು ಭಾವಿಸಿದ್ದೇನೆ. ಒಡತಿ ವಾರದಲ್ಲಿ ಎರಡು ದಿನ ಬೇರೆ ಕೆಲಸಕ್ಕೆ ಹೋಗುವ ಕೇಂದ್ರದಲ್ಲಿ ಅದು ಅಪರೂಪವಲ್ಲ, ಅಲ್ಲಿ ಲೆಕ್ಕ ಬದಲಾಗುತ್ತದೆ. ಒಡತಿಯ ಹೆಸರಿನಲ್ಲೇ ಮನೆ ಇದ್ದರೂ ಬದಲಾಗುತ್ತದೆ. ಇಬ್ಬರು ಗೆಳತಿಯರು ಸೇರಿ ನಡೆಸುವಾಗಲಂತೂ ನನ್ನ ವಾದ ತಿರುಗಿ ನಿಲ್ಲುತ್ತದೆ. 1932ರ ಕಾಯ್ದೆಯ ಸಾಮಾನ್ಯ ಪಾಲುದಾರಿಕೆಯಲ್ಲಿ ಒಬ್ಬಳ ಕೈತಪ್ಪು ಇನ್ನೊಬ್ಬಳ ಬಳೆಗೂ ಬರುತ್ತದೆ. ಎಲ್‌ಎಲ್‌ಪಿಯಲ್ಲಿ ಅದು ತಪ್ಪು ಮಾಡಿದವಳಲ್ಲೂ ಸಂಸ್ಥೆಯಲ್ಲೂ ನಿಲ್ಲುತ್ತದೆ. ಎಲ್‌ಎಲ್‌ಪಿಯ ನಿಜವಾದ ಉಪಯೋಗ ಗೆಳತಿಯ ತಪ್ಪಿನಿಂದ ರಕ್ಷಣೆ. ಆ ಮಟ್ಟಿಗೆ ಅದು ತನ್ನ ಖರ್ಚಿಗೆ ತಕ್ಕುದೇ.

5

ರಕ್ಷಣೆಯ ಭ್ರಮೆ ಕಳಚಿದ ಮೇಲೆ ಓಪಿಸಿಗೆ ಬೇರೆ ಎರಡು ಗುಣಗಳು ಉಳಿಯುತ್ತವೆ. ಒಂದು, ಸದಸ್ಯೆ ತೀರಿಹೋದರೆ ಅಥವಾ ಕರಾರು ಮಾಡುವ ಸಾಮರ್ಥ್ಯ ಕಳೆದುಕೊಂಡರೆ ಯಾರು ಆ ಸ್ಥಾನಕ್ಕೆ ಬರಬೇಕೆಂದು ಮೊದಲೇ ಒಬ್ಬ ವಯಸ್ಕ ನಾಮಿನಿಯನ್ನು ಹೆಸರಿಸಬೇಕೆಂಬ ನಿಯಮ. ಏಕಮಾಲೀಕತ್ವದಲ್ಲಿ ಒಡತಿ ತೀರಿಕೊಂಡ ಮರುದಿನ ಬೆಳಗ್ಗೆ ಬಾಗಿಲಿಗೆ ಬಂದ ತಾಯಂದಿರಿಗೆ ಉತ್ತರ ಹೇಳುವ ಅಧಿಕಾರ ಕಾನೂನಿನಲ್ಲಿ ಯಾರಿಗೂ ಇರುವುದಿಲ್ಲ. ಮಕ್ಕಳ ದಿನಚರಿ ಕಡಿಯದಂತೆ ನೋಡಿಕೊಳ್ಳಲು, ಹಿರಿಯ ಆಯಾಳನ್ನೋ ಕೆಲಸ ಬಲ್ಲ ಸೊಸೆಯನ್ನೋ ನಾಮಿನಿ ಮಾಡುವುದು ಒಳ್ಳೆಯ ಯೋಚನೆ. ಇನ್ನೊಂದು ಗುಣ, ಗ್ರಾಹಕರ ಸ್ವರೂಪಕ್ಕೆ ಸಂಬಂಧಿಸಿದ್ದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಸೇರಿದ 11ಎ ಕಲಂ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಕರ್ಯ ಒದಗಿಸಬೇಕೆಂದು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಲು ಬಿಡಬೇಕೆಂದು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಂ ಅದನ್ನೇ ಮುಂದುವರಿಸಿದೆ. ಇಂಥ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವ ಕೇಂದ್ರಕ್ಕೆ ಕಂಪನಿಯ ಹೆಸರು, ಪರಿಶೋಧಿತ ಲೆಕ್ಕ ಇವು ಬಾಗಿಲು ತೆರೆಯಬಲ್ಲವು. ಆದರೆ ಅಂಥ ಒಪ್ಪಂದಗಳನ್ನು ಹಿಡಿದ ಕೇಂದ್ರ ಬಹುಕಾಲ 25 ಮಕ್ಕಳಲ್ಲಿ ನಿಲ್ಲುವುದಿಲ್ಲ.

ಗುಜರಾತಿನ 'ಸೇವಾ' (ಸ್ವಉದ್ಯೋಗಿ ಮಹಿಳೆಯರ ಸಂಘ) ಎಂಬ ಸಂಘಟನೆಯ ನೆರಳಿನಲ್ಲಿ ಬೆಳೆದ 'ಸಂಗಿನಿ' ಶಿಶುಪಾಲನಾ ಸಹಕಾರ ಸಂಘದ ದಾರಿ ಈ ಎಲ್ಲ ರೂಪಗಳಿಂದ ಬೇರೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೇ ಸದಸ್ಯರು. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ಒಂದು ನಗರದ ಹತ್ತಾರು ಸಣ್ಣ ಡೇ ಕೇರ್‌ಗಳು ಒಂದೇ ಸಹಕಾರಿಯಾಗಿ, ವಿಮೆಯನ್ನೂ ಬದಲಿ ಆಯಾಗಳನ್ನೂ ಹಂಚಿಕೊಳ್ಳುವಂತಿದ್ದರೆ ನಾನು ಮೇಲೆ ಹೇಳಿದ ಅಂತರದ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದು ಪ್ರತ್ಯೇಕ ಲೇಖನಕ್ಕೆ ಬೇಕಾದಷ್ಟು ದೊಡ್ಡ ಪ್ರಶ್ನೆ. ಆರೈಕೆ 'ಶಿಕ್ಷಣ'ವೇ ಎಂಬ ತೆರಿಗೆಯ ಪ್ರಶ್ನೆಯೂ ಲೋಕ ಶಿಕ್ಷಣ ಟ್ರಸ್ಟ್ ತೀರ್ಪಿನ ನೆರಳಿನಲ್ಲೇ ಇನ್ನೂ ನಿಂತಿದೆ. ಎಲ್ಲಕ್ಕಿಂತ ಹೆಚ್ಚಾಗಿ, 28(2)ರ 'ಲೋಪ' ಎಂಬ ಒಂದು ಪದ ತೆರೆದೇ ಇದೆ. ಮೇಲ್ವಿಚಾರಣೆಯಲ್ಲಿ ಆದ ಕೊರತೆಯೂ ಪಾಲುದಾರಳ 'ಸ್ವಂತ ಲೋಪ'ವೇ? ಹೌದಾದರೆ ಬ್ಯಾಂಕಿಗೆ ಹೋಗಿದ್ದ ಒಡತಿಯ ಕವಚವೂ ತೆಳ್ಳಗಾಗುತ್ತದೆ, ಹೊರಗಿರುವವಳಿಗೆ ಸಿಗುತ್ತಿದ್ದ ರಿಯಾಯಿತಿ ತಗ್ಗುತ್ತದೆ. ಇಲ್ಲವಾದರೆ ಪಕ್ಕದಲ್ಲಿ ಕುಳಿತವಳು ಹೊರುವ ಭಾರವನ್ನು ದೂರ ನಿಂತವಳು ಹೊರಬೇಕಿಲ್ಲ. ನನ್ನ ಒಲವು ಮೊದಲನೆಯ ಓದಿನ ಕಡೆಗೆ. ಆದರೆ ಅದು ಕಲಮಿನ ಪದಗಳಷ್ಟೇ ಹೊರಬಲ್ಲ ಓದೋ, ಮಕ್ಕಳ ಮೇಲಿನ ಕಾಳಜಿಯಿಂದ ನಾನು ಅದರ ಮೇಲೆ ಹೊರಿಸುತ್ತಿರುವ ಓದೋ ಎಂಬುದನ್ನು, ಸುಟ್ಟ ಕೈಯ ಮಗುವೊಂದರ ಪರವಾಗಿ ಯಾರಾದರೂ ಈ ಉಪಕಲಮನ್ನೇ ಮುಂದಿಟ್ಟು ವಾದಿಸಿದ ದಿನ ನ್ಯಾಯಾಲಯ ಹೇಳಬೇಕು.